ಪದಚರ್ಚೆ: ಕೋವಿಯ ‘ಕುದುರೆ’ ಅಂದರೆ ಯಾವ ಭಾಗ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ಕೇಳಬೇಕಿತ್ತು. ನಿಮ್ಮ ಕಡೆ ಕೋವಿಯ ‘ಕುದುರೆ’ ಅಂದರೆ ಯಾವುದು? ನಳಿಗೆಯ ಹಿಂದೆ ಕತ್ತೆತ್ತಿ ನಿಂತಿರುತ್ತದಲ್ಲ, ಹೆಬ್ಬೆರಳಿಂದ ಹಿಂದಕ್ಕೆ ಎಳೆದು ನಿಲ್ಲಿಸುತ್ತಾರಲ್ಲ, ಅದಾ? ಅಥವಾ ಕೆಳಗೆ ಕಬ್ಬಿಣದ ಬಳೆಯೊಳಗೆ ತೋರುಬೆರಳಿಗೆ ಸಿಗುವ ಟ್ರಿಗರ್ ಭಾಗವಾ? ನಿಘಂಟು ತೆರೆದು ನೋಡಬಹುದು, ನಿಜ. ಆದರೆ ನನಗೆ ಬೇಕಿರುವುದು ಕೋವಿ ಹಿಡಿದವರ ಬಾಯಲ್ಲಿ ಈ ಮಾತು ಹೇಗಿದೆ ಅನ್ನುವುದು.

ಯಾಕೆ ಬೇಕು ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಾನು ತೀರ್ಥಹಳ್ಳಿ ಕಡೆಯವನು. ಈಗ ಇರುವುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. ಕಳೆದ ವರ್ಷ ಇಲ್ಲಿ ಒಂದು ಹರಾಜಿನಲ್ಲಿ ಹಳೆಯ ರೂಕ್ ರೈಫಲ್ ಕೊಂಡೆ. ರೂಕ್ ಅಂದರೆ ಕಾಗೆ ಜಾತಿಯ ಹಕ್ಕಿ. ಮೈಯೆಲ್ಲ ಕಪ್ಪು. ಕೊಕ್ಕಿನ ಬುಡದಲ್ಲಿ ಮಾತ್ರ ಪುಕ್ಕವಿಲ್ಲದ ಬೂದು ಚರ್ಮ. ಎತ್ತರದ ಮರಗಳ ಮೇಲೆ ಹಿಂಡಾಗಿ ಗೂಡು ಕಟ್ಟುತ್ತವೆ. ಮೇ ತಿಂಗಳ ನಡುವೆ ಮರಿಗಳು ಗೂಡು ಬಿಟ್ಟು ಕೊಂಬೆಗೆ ಬಂದು ಕೂರುತ್ತವೆ, ಇನ್ನೂ ಸರಿಯಾಗಿ ಹಾರಲು ಬರುವುದಿಲ್ಲ. ಆಗ ಅವನ್ನು ಹೊಡೆದು, ಎದೆಯ ಮಾಂಸ ತೆಗೆದು ಪೈ ಮಾಡುವುದು ಇಲ್ಲಿನ ಹಳ್ಳಿಗಳ ರೂಢಿಯಾಗಿತ್ತು. ಆ ಕೆಲಸಕ್ಕೆ ಮತ್ತು ಮೊಲಕ್ಕೆ ಅಂತಲೇ ಮಾಡಿದ ಸಣ್ಣ, ಹಗುರ ರೈಫಲ್ ಇದು. ಹುಲಿ, ಆನೆಯ ಬೇಟೆಗೆ ಇಲ್ಲಿಂದ ಇಂಡಿಯಾಕ್ಕೆ ಹೋದ ದೊಡ್ಡ ರೈಫಲ್‌ಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ. ಈ ಸಣ್ಣದರ ಬಗ್ಗೆ ಬರೆಯುವವರು ಕಡಿಮೆ. ಆದರೆ ಕೆಲಸ ನೋಡಿದರೆ ಅದೇ ಕೈಗಳದ್ದು, ಅಷ್ಟೇ ಅಚ್ಚುಕಟ್ಟು.

ನನ್ನದು .300 ಕ್ಯಾಲಿಬರಿನ (ನಳಿಗೆಯ ಒಳ ಅಗಲ, ಇಂಚಿನ ಲೆಕ್ಕದಲ್ಲಿ) ಒಂಟಿನಳಿಗೆ. ಕೆಳಗೊಂದು ಸನ್ನೆ ಇದೆ, ಅದನ್ನು ಪಕ್ಕಕ್ಕೆ ತಿರುಗಿಸಿದರೆ ನಳಿಗೆ ಮುಂದಕ್ಕೆ ಬಾಗಿ ಹಿಂಬಾಯಿ ತೆರೆಯುತ್ತದೆ. ಇದು ಇದೇ ಊರಿನ ಹೆನ್ರಿ ಜೋನ್ಸ್ 1859ರಲ್ಲಿ ಪೇಟೆಂಟ್ ಮಾಡಿದ ಬಗೆ. ನಳಿಗೆಯ ಅಡಿಯಲ್ಲಿ, ಕೋವಿಗಳ ನಳಿಗೆ ಪರೀಕ್ಷಿಸಿ ಮುದ್ರೆ ಒತ್ತುವ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್‌ನ ಗುರುತು: ಅಡ್ಡಡ್ಡ ಇಟ್ಟ ಎರಡು ರಾಜದಂಡ, ಮೇಲೊಂದು ಕಿರೀಟ. ಆ ಪ್ರೂಫ್ ಹೌಸ್ 1813ರದ್ದು, ಬ್ಯಾನ್‌ಬರಿ ಸ್ಟ್ರೀಟ್‌ನಲ್ಲಿ ಈಗಲೂ ಇದೆ. ಆ ಬಗೆಯ ಮುದ್ರೆ 1904ಕ್ಕೆ ಬದಲಾಯಿತು. ಹಾಗಾಗಿ ನನ್ನ ರೈಫಲ್ ಅದಕ್ಕಿಂತ ಹಳೆಯದು. ಇಲ್ಲಿನ 1968ರ ಬಂದೂಕು ಕಾಯ್ದೆಯ 58ನೇ ವಿಧಿಯಲ್ಲಿ, ಬಳಕೆ ತಪ್ಪಿದ ಕ್ಯಾಲಿಬರಿನ ಹಳೆಯ ಕೋವಿಯನ್ನು ಸುಮ್ನೆ ನೋಡಲು ಇಟ್ಟುಕೊಳ್ಳುವುದಕ್ಕೆ ಲೈಸೆನ್ಸ್ ಬೇಡ. ಗುಂಡು ಹಾರಿಸಬೇಕಾದರೆ ಬೇಕು. ನನಗೆ ಹಾರಿಸುವ ಆಸೆ ಇಲ್ಲ. ಅದನ್ನು ಮಾಡಿದವರ ಕೈಕೆಲಸ ಮತ್ತೆ ಕಾಣುವ ಹಾಗೆ ಮಾಡಬೇಕು, ಅಷ್ಟೇ. ಇಂಥ ಎಷ್ಟೋ ರೈಫಲ್‌ಗಳ ಒಳಗೀರು (ನಳಿಗೆಯೊಳಗಿನ ಸುರುಳಿ ಗೆರೆ) ಕೊರೆದು ತೆಗೆದು .410 ಚರೆ ಕೋವಿ ಮಾಡಿಬಿಟ್ಟರು. ಇನ್ನೆಷ್ಟಕ್ಕೋ ಒಳಗೊಂದು ಕೊಳವೆ ತೂರಿಸಿ .22 ಮಾಡಿದರು. ಇದರ ಗೀರು ಹಾಗೇ ಉಳಿದಿದೆ. ಕೊಳ್ಳಲು ಮನಸ್ಸು ಬಂದಿದ್ದೇ ಅದಕ್ಕೆ.

ಈ ರಿಪೇರಿಯ ಕತೆಯನ್ನು ವಾರಕ್ಕೊಮ್ಮೆ ಕನ್ನಡದಲ್ಲಿ ಬರೆದು ದೊಡ್ಡಪ್ಪನಿಗೆ ಕಳಿಸುತ್ತಿದ್ದೇನೆ. ಅವರಿಗೆ ಎಂಬತ್ತು ದಾಟಿದೆ. ಇಂಗ್ಲಿಷ್ ಓದುವುದಿಲ್ಲ. ಆದರೆ ಕೋವಿ ಬಿಚ್ಚಿ ಜೋಡಿಸುವುದು ನನಗಿಂತ ಚೆನ್ನಾಗಿ ಗೊತ್ತು. ಅಡಿಕೆ ತೋಟಕ್ಕೆ ಮಂಗ, ಹಂದಿ ಬರುತ್ತವೆ ಅಂತ ಬೆಳೆ ಕಾಯಲು ಲೈಸೆನ್ಸ್ ಇದ್ದ ಮನೆ ನಮ್ಮದು. ಚುನಾವಣೆ ಬಂತು ಅಂದರೆ ಕೋವಿಯನ್ನು ಠಾಣೆಗೆ ಕೊಟ್ಟು ಬರಬೇಕು. ಚುನಾವಣೆ ಮುಗಿದು ವಾಪಸ್ ತಂದ ದಿನ ದೊಡ್ಡಪ್ಪ ಜಗಲಿಯಲ್ಲಿ ಕೂತು, ಗಜಕ್ಕೆ (ನಳಿಗೆಯೊಳಗೆ ತೂರಿಸುವ ಉದ್ದ ಕೋಲು) ಬಟ್ಟೆ ಸುತ್ತಿ, ನಳಿಗೆಗೆ ಎಣ್ಣೆ ಹಾಕುತ್ತಿದ್ದರು. ನಾನು ಪಕ್ಕದಲ್ಲಿ ಕೂರುತ್ತಿದ್ದೆ. ಕೋವಿಯ ಮಾತು ನನಗೆ ಬಂದಿದ್ದು ಆ ಜಗಲಿಯಲ್ಲಿ.

ಮೊದಲ ಕಾಗದಗಳು ಸಲೀಸಾಗಿ ಹೋದವು. ಹಿಡಿಯ ಮರ ಅಕ್ರೋಟು. ನೂರು ವರ್ಷದ ಜಿಡ್ಡು ಕುಡಿದು ಕಪ್ಪಾಗಿತ್ತು. ಸುಣ್ಣದ ಪುಡಿಯಂಥ ಸೀಮೆಸುಣ್ಣದ ಹಿಟ್ಟು ಕಲಸಿ ಬಳಿದು, ಒಣಗಿಸಿ, ಉಜ್ಜಿ ತೆಗೆದರೆ ಜಿಡ್ಡು ಮೇಲೆ ಬರುತ್ತದೆ. ತಗ್ಗು ಬಿದ್ದ ಕಡೆ ಒದ್ದೆ ಬಟ್ಟೆ ಇಟ್ಟು ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿದರೆ ಹಬೆಗೆ ಮರ ಉಬ್ಬುತ್ತದೆ. ಆಮೇಲೆ ಅಗಸೆ ಎಣ್ಣೆ. ಅದಕ್ಕೆ ಕೆಂಪು ಬರಲು ಆಲ್ಕನೆಟ್ ಅನ್ನುವ ಬೇರು ನೆನೆಹಾಕುತ್ತಾರೆ. ಮಸಾಲೆ ಅಂಗಡಿಯಲ್ಲಿ ರತನ್‌ಜೋತ್ ಅಂತ ಸಿಗುತ್ತದಲ್ಲ, ಅದೇ. ಬೆರಳ ತುದಿಯಲ್ಲಿ ಒಂದೊಂದು ಹನಿ ಹಚ್ಚಿ, ಅಂಗೈ ಬಿಸಿಗೆ ಉಜ್ಜಿ, ಒಂದು ದಿನ ಬಿಟ್ಟು ಮತ್ತೆ ಹಚ್ಚಬೇಕು. ವಾರಗಟ್ಟಲೆ ಇದೇ ಕೆಲಸ. ತಿರುಪುಗಳದ್ದು ಇನ್ನೊಂದು ಕತೆ. ಅವುಗಳ ತಲೆಯ ಸೀಳು ಕೂದಲೆಳೆಯಷ್ಟು ಸಣ್ಣ. ಅಂಗಡಿಯ ಸ್ಕ್ರೂಡ್ರೈವರ್ ಹಾಕಿದರೆ ತಲೆ ಹಾಳಾಗುತ್ತದೆ. ಒಂದೊಂದು ತಿರುಪಿಗೂ ತುದಿಯನ್ನು ಅರದಲ್ಲಿ ಉಜ್ಜಿ ಹೊಂದಿಸಿಕೊಳ್ಳಬೇಕು. ಇದೆಲ್ಲ ಬರೆಯಲು ಕನ್ನಡದಲ್ಲಿ ಒಂದು ಮಾತಿಗೂ ಕೊರತೆ ಆಗಲಿಲ್ಲ.

ಸಿಕ್ಕಿಕೊಂಡಿದ್ದು ಆಮೇಲೆ. ನನ್ನ ರೈಫಲ್‌ನ ಸುತ್ತಿಗೆ, ಅಂದರೆ ಹೆಬ್ಬೆರಳಿಂದ ಎಳೆಯುವ ಆ ಮೇಲಿನ ಭಾಗ, ಹೊಡೆದ ಮೇಲೆ ತಾನಾಗಿಯೇ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲಬೇಕು. ಇದನ್ನು ವುಲ್ವರ್‌ಹ್ಯಾಂಪ್ಟನ್‌ನ ಜಾನ್ ಸ್ಟ್ಯಾಂಟನ್ 1867ರಲ್ಲಿ ಪೇಟೆಂಟ್ ಮಾಡಿದರು. ನನ್ನದರಲ್ಲಿ ಸರಿಯುತ್ತಿರಲಿಲ್ಲ. ಒಳಗಿನ ಎಣ್ಣೆ ಗಟ್ಟಿಯಾಗಿ ಅಂಟಾಗಿತ್ತು. ಸುತ್ತಿಗೆ ಮುಂದೆಯೇ ನಿಂತರೆ, ಅದರ ಏಟನ್ನು ಮುಟ್ಟಿಸುವ ಮೊಳೆ ತೋಟೆಯ (ಗುಂಡು, ಮದ್ದು ಒಟ್ಟಿಗಿರುವ ಕಾಟ್ರಿಜ್) ಬೆನ್ನಿಗೆ ಒತ್ತಿಕೊಂಡೇ ಇರುತ್ತದೆ, ನಳಿಗೆ ತೆರೆಯಲು ಬರುವುದಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದ ಮೇಲೆ ಸರಿಹೋಯಿತು. ಇದನ್ನು ದೊಡ್ಡಪ್ಪನಿಗೆ ಬರೆಯುವಾಗ ಸುತ್ತಿಗೆಗೆ ‘ಹ್ಯಾಮರ್’ ಅಂತ ಹಾಕಿದೆ. ಟ್ರಿಗರಿಗೆ ‘ಕುದುರೆ’ ಅಂತ ಹಾಕಿದೆ. ಕತೆಗಳಲ್ಲಿ, ಅನುವಾದಗಳಲ್ಲಿ ‘ಕುದುರೆ ಎಳೆದ, ಗುಂಡು ಹಾರಿತು’ ಅಂತ ಓದಿದ್ದೇನಲ್ಲ, ಆ ಧೈರ್ಯದ ಮೇಲೆ.

ಮರುದಿನವೇ ಫೋನ್ ಬಂತು.

“ಅಲ್ಲ ಮಾರಾಯ, ಕುದುರೆ ಅಂದ್ರೆ ಮೇಲಿರೋದು. ಬೆರಳು ಹಾಕೋದು ಕುದುರೆ ಅಲ್ಲ.”

“ಮತ್ತೆ ಬೆರಳು ಹಾಕೋದಕ್ಕೆ ಏನಂತೀರಿ ದೊಡ್ಡಪ್ಪ?”

“ಅದು ಬಿಲ್ಲು. ಬಾಗಿಲ್ವಾ ಅದು? ಕುದುರೆ ಏರ್ಸೋದು, ಬಿಲ್ಲು ಎಳೆಯೋದು.”

ಆಗ ನೆನಪಾಯಿತು. ಚಿಕ್ಕಂದಿನಲ್ಲಿ ಅವರು ಹೇಳುತ್ತಿದ್ದುದು ಇದೇ: “ಕುದುರೆ ಏರ್ಸಿಟ್ಕೊಂಡು ಬೇಲಿ ದಾಟ್ಬಾರ್ದು.” ಅಲ್ಲಿ ಕುದುರೆ ಟ್ರಿಗರ್ ಆಗಲು ಸಾಧ್ಯವೇ ಇಲ್ಲ. ಟ್ರಿಗರನ್ನು ಏರಿಸುವುದು ಹೇಗೆ? ಅದೇ ಫೋನಿನಲ್ಲಿ ಪಕ್ಕದಿಂದ ಅಣ್ಣ, ದೊಡ್ಡಪ್ಪನ ಮಗ, ಮಾತು ಸೇರಿಸಿದ. ಅವನ ಪ್ರಕಾರ ಕುದುರೆ ಅಂದರೆ ಟ್ರಿಗರೇ. ಬಿಲ್ಲು ಅನ್ನುವುದನ್ನು ಅವನು ಅಪ್ಪನ ಬಾಯಲ್ಲಿ ಕೇಳಿದ್ದಾನೆ, ತಾನು ಬಳಸಿಲ್ಲ. ಒಂದೇ ಮನೆ, ಒಂದೇ ಜಗಲಿ, ಎರಡು ಅರ್ಥ.

ಇದಕ್ಕೆ ನನಗೆ ತೋಚಿದ ಕಾರಣ ಹೀಗಿದೆ. ತಪ್ಪಿದ್ದರೆ ತಿದ್ದಿ.

ದೊಡ್ಡಪ್ಪ ಕಲಿತಿದ್ದು ಕೇಪಿನ ಕೋವಿಯಲ್ಲಿ. ಬಾಯಿಂದ ಮದ್ದು, ಚರೆ ತುಂಬಿ, ಗಜದಿಂದ ಜಡಿದು, ಮೇಲೆ ಕೇಪು, ಅಂದರೆ ಬಡಿದರೆ ಕಿಡಿ ಹಾರುವ ಸಣ್ಣ ಲೋಹದ ಟೊಪ್ಪಿ, ಇಡುವ ಕೋವಿ. ಅದರಲ್ಲಿ ಕುದುರೆ ಹೊರಗೇ ಇರುತ್ತದೆ, ಕಣ್ಣಿಗೆ ಕಾಣುತ್ತದೆ. ಅಣ್ಣನ ಕೈಗೆ ಬಂದಿದ್ದು ತೋಟೆ ಕೋವಿ, ಜೋಡುನಳಿಗೆ, ಮೇಲೆ ಏನೂ ಇಲ್ಲದ್ದು. ಇಂಗ್ಲಿಷಿನಲ್ಲಿ ಅದಕ್ಕೆ ಹ್ಯಾಮರ್‌ಲೆಸ್ ಅನ್ನುತ್ತಾರೆ, ಸುತ್ತಿಗೆ ಇಲ್ಲದ್ದು ಅಂತ. ನಿಜವಾಗಿ ಸುತ್ತಿಗೆ ಇದ್ದೇ ಇದೆ, ಒಳಗೆ ಹೋಗಿದೆ ಅಷ್ಟೇ. 1875ರಲ್ಲಿ ಇದೇ ಬರ್ಮಿಂಗ್‌ಹ್ಯಾಮ್‌ನ ವೆಸ್ಟ್‌ಲಿ ರಿಚರ್ಡ್ಸ್ ಕಂಪನಿಯಲ್ಲಿದ್ದ ಆ್ಯನ್ಸನ್ ಮತ್ತು ಡೀಲಿ ಒಂದು ಉಪಾಯ ಮಾಡಿದರು. ತೋಟೆ ಹಾಕಲು ನಳಿಗೆಯನ್ನು ಬಾಗಿಸುತ್ತೇವಲ್ಲ, ಆ ಬಾಗುವ ಬಲವೇ ಒಳಗಿನ ಸುತ್ತಿಗೆಗಳನ್ನು ಎಳೆದು ನಿಲ್ಲಿಸುತ್ತದೆ. ಹೆಬ್ಬೆರಳಿಗೆ ಕೆಲಸವೇ ಉಳಿಯಲಿಲ್ಲ. ಆಮೇಲೆ ಲೋಕದ ಲೆಕ್ಕವಿಲ್ಲದಷ್ಟು ಜೋಡುನಳಿಗೆಗಳು ಇದೇ ಬಗೆಯಲ್ಲಿ ಬಂದವು.

ಹಾಗೆ ಕುದುರೆ ಕಣ್ಣಿಂದ ಮರೆಯಾಯಿತು. ಮಾತು ಮಾತ್ರ ಮನೆಯಲ್ಲಿ ಉಳಿಯಿತು. ಅದಕ್ಕೆ ಕೂರಲು ಒಂದು ಜಾಗ ಬೇಕಲ್ವಾ? ಗುಂಡು ಹೊಡೆಯಲು ಬೆರಳಿಂದ ಎಳೆಯುವ ಭಾಗ ಅಂತ ಉಳಿದಿದ್ದು ಟ್ರಿಗರ್ ಒಂದೇ. ಇನ್ನೊಂದು ವಿಷಯವೂ ಸಹಾಯ ಮಾಡಿರಬೇಕು. ಕನ್ನಡದಲ್ಲಿ ‘ಎಳೆ’ ಅನ್ನುವ ಕ್ರಿಯಾಪದ ಎರಡಕ್ಕೂ ಹೊಂದುತ್ತದೆ. ಸುತ್ತಿಗೆಯನ್ನೂ ಹಿಂದಕ್ಕೆ ಎಳೆಯುತ್ತೇವೆ, ಟ್ರಿಗರನ್ನೂ ಹಿಂದಕ್ಕೆ ಎಳೆಯುತ್ತೇವೆ. ‘ಕುದುರೆ ಎಳೆದ’ ಅಂದಾಗ ಹಳಬರ ಮನಸ್ಸಿನಲ್ಲಿ ಹೆಬ್ಬೆರಳು, ಹೊಸಬರ ಮನಸ್ಸಿನಲ್ಲಿ ತೋರುಬೆರಳು. ಒಂದೇ ವಾಕ್ಯ. ಯಾರಿಗೂ ವ್ಯತ್ಯಾಸ ಗೊತ್ತಾಗದ ಹಾಗೆ ಅರ್ಥ ಜಾರಿದೆ. ಹಾಗಾಗಿ ಹಳೆಯ ಬರಹದಲ್ಲಿ ಈ ಪದ ಸಿಕ್ಕಾಗ ಅದರ ಕ್ರಿಯಾಪದ ನೋಡಬೇಕು ಅನ್ನಿಸುತ್ತದೆ. ‘ಏರಿಸು’, ‘ಇಳಿಸು’, ‘ಎತ್ತು’ ಇದ್ದರೆ ಅದು ಮೇಲಿನ ಕುದುರೆ. ‘ಒತ್ತು’, ‘ಅದುಮು’ ಇದ್ದರೆ ಕೆಳಗಿನದ್ದು. ‘ಎಳೆ’ ಇದ್ದರೆ ಹಿಂದೆಮುಂದೆ ಓದಿ ತೀರ್ಮಾನಿಸಬೇಕು.

ಹಿಂದಿಯಲ್ಲೂ ಹೀಗೇ ಆಗಿದೆ. ಅಲ್ಲಿ ಘೋಡಾ ಚಢಾನಾ ಅಂದರೆ ಸುತ್ತಿಗೆ ಏರಿಸುವುದು, ಘೋಡಾ ದಬಾನಾ ಅಂದರೆ ಟ್ರಿಗರ್ ಒತ್ತುವುದು. ಎರಡೂ ಇವತ್ತಿಗೂ ಬಳಕೆಯಲ್ಲಿವೆ. ಮರಾಠಿಯಲ್ಲಿ ಟ್ರಿಗರಿಗೆ ‘ಚಾಪ’ ಅನ್ನುತ್ತಾರೆ. ಚಾಪ ಅಂದರೆ ಬಿಲ್ಲು ಅಂತಲೂ ಅರ್ಥ ಇದೆಯಲ್ಲ! ದೊಡ್ಡಪ್ಪನ ಬಿಲ್ಲಿಗೂ ಅದಕ್ಕೂ ನಂಟಿದೆಯಾ, ಅಥವಾ ಬಾಗಿದ ಆಕಾರ ನೋಡಿ ಎರಡು ಕಡೆ ಬೇರೆ ಬೇರೆಯಾಗಿ ಹುಟ್ಟಿದ್ದಾ? ಮರಾಠಿ ಬಲ್ಲವರು ಹೇಳಬೇಕು.

ಇನ್ನು ಈ ಭಾಗಕ್ಕೆ ಪ್ರಾಣಿಯ ಹೆಸರು ಇಡುವುದು ನಮ್ಮಲ್ಲಿ ಮಾತ್ರ ಇಲ್ಲ. ಇಂಗ್ಲಿಷಿನಲ್ಲಿ ಮೊದಲು ಕಾಕ್, ಅಂದರೆ ಹುಂಜ. ಚಕಮಕಿ ಕಲ್ಲನ್ನು ಕಚ್ಚಿ ಹಿಡಿದ ಆ ಭಾಗ ಕುಕ್ಕುವ ಹುಂಜದ ಹಾಗೆ ಕಾಣುತ್ತಿತ್ತು. ಜರ್ಮನಿನಲ್ಲೂ ಹುಂಜ, ತುರ್ಕಿಯಲ್ಲೂ ಹುಂಜ. ಫ್ರೆಂಚ್, ಇಟಾಲಿಯನ್, ಪೋರ್ಚುಗೀಸಿನಲ್ಲಿ ನಾಯಿ. ಅದಕ್ಕೂ ಹಿಂದೆ, ಉರಿಯುವ ಬತ್ತಿ ಇಟ್ಟು ಹೊಡೆಯುವ ಕೋವಿಯಲ್ಲಿ ಬತ್ತಿ ಹಿಡಿಯುವ ಕೊಂಡಿಗೆ ಇಂಗ್ಲಿಷಿನಲ್ಲಿ ಹಾವಿನ ಹೆಸರು. ಟ್ರಿಗರಿಗೆ ಇಟಲಿಯವರು ಪುಟ್ಟ ಜೀರುಂಡೆ ಅನ್ನುತ್ತಾರೆ, ಸ್ಪೇನಿನವರು ಬೆಕ್ಕಿನ ಮರಿ ಅನ್ನುತ್ತಾರೆ. ಕೋವಿ ತುರ್ಕರಿಂದಲೋ ಪೋರ್ಚುಗೀಸರಿಂದಲೋ ನಮ್ಮ ಕಡೆ ಬಂತು. ತುಪಾಕಿ, ಚಕಮಕಿ ಎರಡೂ ತುರ್ಕಿಯಿಂದ ಬಂದ ಮಾತುಗಳು. ಆದರೆ ಅವರ ಹುಂಜವನ್ನಾಗಲಿ ನಾಯಿಯನ್ನಾಗಲಿ ನಾವು ತೆಗೆದುಕೊಳ್ಳಲಿಲ್ಲ. ಕುದುರೆ ಅಂತ ನಮ್ಮದೇ ಹೆಸರು ಇಟ್ಟೆವು. ತಮಿಳಿನಲ್ಲೂ ಕುದುರೆಯೇ. ತಂಬೂರಿಯಲ್ಲಿ ತಂತಿ ಹೊತ್ತು ಕೂರುವ ತುಂಡಿಗೂ ಕುದುರೆ ಅನ್ನುತ್ತೇವಲ್ಲ. ಕತ್ತು ಬಾಗಿಸಿ ನಿಂತ, ಬಿಟ್ಟರೆ ಚಿಮ್ಮುವ ಆ ಭಾಗವನ್ನು ನೋಡಿದರೆ ನನಗಂತೂ ಆ ಹೆಸರು ತುಂಬಾ ಸರಿ ಅನ್ನಿಸುತ್ತದೆ. ಟ್ರಿಗರಿಗೆ ಅದು ಅಷ್ಟು ಒಪ್ಪುವುದಿಲ್ಲ.

ಕೊಡಗಿನವರು ಈ ಗುಂಪಿನಲ್ಲಿ ಇದ್ದೀರಿ. ನಿಮ್ಮಲ್ಲಿ ಕೋವಿಗೆ ತೋಕ್ ಅನ್ನುತ್ತಾರೆ, ಕೈಲ್‌ಪೊಳ್ದ್ ಹಬ್ಬದ ದಿನ ಅದರ ಮೂತಿಗೆ ತೋಕ್‌ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡುತ್ತಾರೆ. ಕೋವಿ ಮನೆಯ ಸದಸ್ಯನ ಹಾಗೆ ಇರುವ ಊರು. ಹಳೆಯ ಇಂಗ್ಲಿಷ್ ಕೋವಿಗಳು ಜಾಸ್ತಿ ಉಳಿದಿರುವುದೂ ನಿಮ್ಮ ಮನೆಗಳಲ್ಲೇ. ಹೊರಗೆ ಸುತ್ತಿಗೆ ಇರುವ ಹಳೆಯ ತೋಕ್‌ನ ಭಾಗಗಳಿಗೆ ಹಿರಿಯರು ಏನೇನು ಹೆಸರು ಹೇಳುತ್ತಾರೆ? ದಯವಿಟ್ಟು ಕೇಳಿ ಬರೆಯಿರಿ. ಅಂಥ ಕೋವಿ ಬಿಚ್ಚಿ ಜೋಡಿಸಿದವರು ಈಗ ಬಹಳ ಜನ ಉಳಿದಿಲ್ಲ.

ಇನ್ನೆರಡು ಸಣ್ಣ ಪ್ರಶ್ನೆ. ಸುತ್ತಿಗೆ ಪೂರ್ತಿ ಏರದೆ ನಡುವೆ ಒಂದು ಕಚ್ಚಿನಲ್ಲಿ ನಿಲ್ಲುತ್ತದೆ, ಅಲ್ಲಿದ್ದಾಗ ಟ್ರಿಗರ್ ಎಳೆದರೂ ಹಾರಬಾರದು. ಇಂಗ್ಲಿಷಿನಲ್ಲಿ ಹಾಫ್ ಕಾಕ್. ದೊಡ್ಡಪ್ಪ ‘ಅರೆ ಏರ್ಸಿದ್ದು’ ಅನ್ನುತ್ತಾರೆ. ಬೇರೆ ಮಾತು ಕೇಳಿದ್ದೀರಾ? ಹಾಗೇ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೆರೆಗಳಿಗೆ ಏನನ್ನಬೇಕು? ರೈಫಲ್ ಅನ್ನುವ ಹೆಸರು ಬಂದಿದ್ದೇ ಆ ಗೆರೆಗಳಿಂದ, ಗೀರುವುದು ಅನ್ನುವ ಹಳೆಯ ಫ್ರೆಂಚ್ ಮಾತಿನಿಂದ. ನಾನು ಸದ್ಯಕ್ಕೆ ‘ಒಳಗೀರು’ ಅಂತ ಬರೆಯುತ್ತಿದ್ದೇನೆ. ದೊಡ್ಡಪ್ಪನಿಗೆ ಕೂಡಲೇ ಅರ್ಥವಾಯಿತು.

ಈ ಭಾನುವಾರದ ಕಾಗದದಲ್ಲಿ ಮೇಲಿರುವುದನ್ನು ಕುದುರೆ, ಕೆಳಗಿರುವುದನ್ನು ಬಿಲ್ಲು ಅಂತಲೇ ಬರೆದು ಕಳಿಸುತ್ತೇನೆ. ನಿಮ್ಮ ಮನೆಯಲ್ಲಿ ಬೇರೆ ಹೆಸರಿದ್ದರೆ ಊರಿನ ಹೆಸರು, ಹೇಳಿದವರ ವಯಸ್ಸು, ಅವರ ಕೋವಿ ಕೇಪಿನದ್ದಾ ತೋಟೆಯದ್ದಾ, ಇಷ್ಟು ಸೇರಿಸಿ ಬರೆಯಿರಿ.