ಸಹಾಯ ಬೇಕು: ಲಾಗೌಟ್ ಆದಾಗ ಒಂದು ಪ್ರೋಗ್ರಾಂ ನಿಲ್ಲಬೇಕು, ಇನ್ನೊಂದು ಓಡಬೇಕು

ನಮಸ್ಕಾರ ಗೆಳೆಯರೇ. ಪುಣೆಯ ಪಿಂಪ್ರಿಯಲ್ಲಿ ನಮ್ಮ ಕನ್ನಡ ಬಳಗದ ಓದುಕೋಣೆಗೆ ಇರುವುದು ಒಂದೇ ಲಿನಕ್ಸ್ ಕಂಪ್ಯೂಟರ್, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್. ಎಲ್ಲರಿಗೂ ಬೇರೆ ಬೇರೆ ಲಾಗಿನ್. ಸ್ಕ್ಯಾನ್ ಮಾಡಿದ ಹಳೇ ಪತ್ರಿಕೆಗಳ ಬ್ಯಾಕಪ್ ಲಾಗೌಟ್ ಆದಮೇಲೂ ಓಡಬೇಕು. ಕ್ಲಿಪ್‌ಬೋರ್ಡ್ ಟೂಲ್ ಲಾಗೌಟ್ ಜೊತೆಗೇ ನಿಲ್ಲಬೇಕು.

ಎರಡೂ ಸಿಸ್ಟಮ್‌ಡಿ (ಪ್ರೋಗ್ರಾಂಗಳನ್ನು ಶುರು ಮಾಡಿ ನಿಲ್ಲಿಸುವ ವ್ಯವಸ್ಥೆ) ಯೂಸರ್ ಸರ್ವಿಸ್‌ಗಳು, ಡೀಫಾಲ್ಟ್ ಟಾರ್ಗೆಟ್ (ಶುರುವಿನಲ್ಲೇ ಒಟ್ಟಿಗೆ ಏಳುವ ಸರ್ವಿಸ್‌ಗಳ ಗುಂಪು) ಕೆಳಗಿವೆ. ಬಳಕೆದಾರರ ಕೊನೇ ಸೆಷನ್ ಮುಗಿದರೆ ಅವರ ಸರ್ವಿಸ್‌ಗಳನ್ನು ನಡೆಸುವ ಯೂಸರ್ ಮ್ಯಾನೇಜರ್ ನಿಲ್ಲುತ್ತದೆ, ಬ್ಯಾಕಪ್ ಅರ್ಧಕ್ಕೇ ನಿಲ್ಲುತ್ತದೆ. ಲಾಗಿನ್‌ಸಿಟಿಎಲ್ ಕಮಾಂಡ್‌ನಲ್ಲಿ ಲಿಂಗರ್ (ಲಾಗೌಟ್ ಆದರೂ ಮ್ಯಾನೇಜರ್ ಉಳಿಯುವ ಸೆಟ್ಟಿಂಗ್) ಆನ್ ಮಾಡಿದರೆ ಬ್ಯಾಕಪ್ ಸರಿ. ಆದರೆ ಆಗ ಮ್ಯಾನೇಜರ್ ಬೂಟ್‌ನಲ್ಲೇ ಶುರುವಾಗುತ್ತದೆ. ಕ್ಲಿಪ್‌ಬೋರ್ಡ್ ಟೂಲ್ ಡಿಸ್‌ಪ್ಲೇ ಸಿಗಲಿಲ್ಲ ಅಂತ ಬಿದ್ದುಹೋಗುತ್ತದೆ. ಆಮೇಲೆ ಲಾಗಿನ್ ಆದರೂ ಏಳುವುದಿಲ್ಲ. ಡೀಫಾಲ್ಟ್ ಟಾರ್ಗೆಟ್ ಆಗಲೇ ಎದ್ದಿರುತ್ತದೆ, ಅಲ್ವಾ?

ಟೂಲನ್ನು ಗ್ರಾಫಿಕಲ್ ಸೆಷನ್ ಟಾರ್ಗೆಟ್‌ಗೆ (ಡೆಸ್ಕ್‌ಟಾಪ್ ಸೆಷನ್ ಇರುವಷ್ಟು ಹೊತ್ತು ಇರಬೇಕಾದ ಟಾರ್ಗೆಟ್) ಪಾರ್ಟ್‌ಆಫ್ (ಅದು ನಿಂತರೆ ಇದೂ ನಿಲ್ಲಲಿ ಅನ್ನುವ ಸಾಲು) ಹಾಕಿ ಕಟ್ಟುವುದೇ ಸರಿ ಅನ್ನಿಸುತ್ತದೆ. ನಮ್ಮಲ್ಲಿ ಆ ಟಾರ್ಗೆಟ್ ಇನ್‌ಆಕ್ಟಿವ್. ಅದನ್ನು ನೇರವಾಗಿ ಸ್ಟಾರ್ಟ್ ಮಾಡಲೂ ಬಿಡುವುದಿಲ್ಲ. ಅದಕ್ಕೆ ಬೈಂಡ್ಸ್‌ಟು (ಅದನ್ನೂ ಎಬ್ಬಿಸಿ, ಅದು ನಿಂತರೆ ತಾನೂ ನಿಲ್ಲುವ ಸಾಲು) ಇರುವ ನಮ್ಮದೇ ಟಾರ್ಗೆಟ್ ಬರೆದು, ಲಾಗಿನ್ ಆದಾಗ ಓಡುವ ಆಟೋಸ್ಟಾರ್ಟ್‌ನಿಂದ ಎಬ್ಬಿಸಬೇಕಾ? ಹಾಗೆ ಮಾಡಿದರೆ ಲಾಗೌಟ್‌ನಲ್ಲಿ ಅದನ್ನು ನಿಲ್ಲಿಸುವುದು ಯಾವುದು?

ಎಕ್ಸ್‌ಎಫ್‌ಸಿಇಯಲ್ಲಿ ಮಾಡಿ ನೋಡಿದವರು ಯೂನಿಟ್ ಫೈಲ್ (ಸರ್ವಿಸ್, ಟಾರ್ಗೆಟ್‌ಗಳ ಸೆಟ್ಟಿಂಗ್ ಫೈಲ್) ಹಾಕಿ, ದಯವಿಟ್ಟು. ಸುಮ್ನೆ ಗ್ನೋಮ್ ಡೆಸ್ಕ್‌ಟಾಪ್‌ಗೆ ಹೋಗಿ ಅನ್ನಬೇಡಿ, ಹಳೇ ಯಂತ್ರ, ರ್‍ಯಾಮ್ ಜಾಸ್ತಿ ಇಲ್ಲ.