ಅಪ್‌ಡೇಟ್: ತಮ್ಮನ ಗುಲ್ಮದಲ್ಲಿ ಕಂಡ ಸೀಳು ಗಾಯವಲ್ಲ

ತಮ್ಮ ಬೈಕಿನಿಂದ ಬಿದ್ದಾಗ ಮಾಡಿಸಿದ ಸ್ಕ್ಯಾನಿನಲ್ಲಿ ಗುಲ್ಮ, ಅಂದ್ರೆ ಹೊಟ್ಟೆಯ ಎಡಗಡೆ ಇರುವ ಸ್ಪ್ಲೀನ್ ಅನ್ನೋ ಅಂಗ, ಸೀಳಿರಬಹುದು ಅಂತ ಬಂದಿತ್ತು. ಆಪರೇಷನ್ ಬೇಕಾಗುತ್ತಾ ಅಂತ ಹೋದ ವಾರ ನಿಮ್ಮನ್ನೆಲ್ಲ ಕೇಳಿದ್ದೆ. ಬೇಕಿಲ್ಲ! ಅದು ಗಾಯವೇ ಅಲ್ಲ, ಹುಟ್ಟಿನಿಂದಲೇ ಇದ್ದದ್ದು.

ಸಿ.ಟಿ. ನೋಡಿದ ಡಾಕ್ಟರು ಪರದೆ ಮೇಲೆ ಬೆರಳಿಟ್ಟು ತೋರಿಸಿದರು. ಸೀಳಿನ ಅಂಚು ನುಣುಪಾಗಿತ್ತು. ಸುತ್ತ ಎಲ್ಲೂ ರಕ್ತ ನಿಂತಿರಲಿಲ್ಲ. ಪೆಟ್ಟಿನಿಂದ ಹರಿದಿದ್ದರೆ ಅಂಚು ಸಾಮಾನ್ಯವಾಗಿ ಒರಟಾಗಿರುತ್ತದೆ, ಪಕ್ಕದಲ್ಲಿ ರಕ್ತ ಕಾಣುತ್ತದೆ ಅಂದರು. ತಾಯಿಯ ಹೊಟ್ಟೆಯಲ್ಲಿರುವಾಗ ಗುಲ್ಮ ಸಣ್ಣ ಸಣ್ಣ ಗಂಟುಗಳಾಗಿ ಶುರುವಾಗಿ, ಆಮೇಲೆ ಒಂದಾಗುತ್ತದಂತೆ. ಕೂಡಿದ ಜಾಗದ ಗೆರೆ ಕೆಲವರಲ್ಲಿ 2-3 ಸೆಂ.ಮೀ. ಆಳಕ್ಕೂ ಉಳಿದುಬಿಡುತ್ತದೆ. ಕೂಡದೇ ಉಳಿದ ಚೂರು ಪಕ್ಕದಲ್ಲೇ ಪುಟ್ಟ ಗುಲ್ಮವಾಗಿ ನಿಲ್ಲುವುದೂ ಉಂಟು. ತಮ್ಮನಿಗೆ ಅದೂ ಇದೆ, ದುಂಡಗೆ, ಬಟಾಣಿ ಕಾಳಿನಷ್ಟು! ಅದರಿಂದ ತೊಂದರೆಯೇನೂ ಇಲ್ಲ, ಬಹಳ ಜನರಿಗೆ ಇರುತ್ತದೆ.

ರಿಪೋರ್ಟಿನಲ್ಲಿ ಗುಲ್ಮದ ಉದ್ದ 12.6 ಸೆಂ.ಮೀ. ಅಂತ ಬರೆದಿತ್ತು, ಅದಕ್ಕೂ ಹೆದರಿದ್ದೆ. ಸಾಮಾನ್ಯವಾಗಿ ಉದ್ದ 12ರ ಆಸುಪಾಸು, ಎತ್ತರದವರಲ್ಲಿ ಸ್ವಲ್ಪ ಜಾಸ್ತಿ. ತಮ್ಮ ಆರಡಿ ಎರಡಿಂಚು. ಇನ್ನೊಂದು ವಿಷಯ ಓದಿ ಬೆರಗಾದೆ. ಇಂಡೊನೇಷ್ಯಾದಲ್ಲಿ ಉಸಿರು ಬಿಗಿಹಿಡಿದು ಸಮುದ್ರಕ್ಕೆ ಮುಳುಗುವ ಬಜಾವ್ ಜನರ ಗುಲ್ಮ, ಹತ್ತಿರದ ಸಲುವಾನ್ ಜನರದಕ್ಕಿಂತ ಸುಮಾರು 50% ದೊಡ್ಡದು ಅಂತ 2018ರ ಅಧ್ಯಯನ ಹೇಳಿದೆ.

ಇನ್ನೊಬ್ಬ ಡಾಕ್ಟರಿಗೆ ತೋರಿಸಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್. ಅಮ್ಮ ನಿನ್ನೆ ರಾತ್ರಿ ನೆಮ್ಮದಿಯಾಗಿ ಮಲಗಿದರು. ಈ ರಿಪೋರ್ಟಿನ ಫೋಟೋ ತಮ್ಮನ ಫೋನಿನಲ್ಲಿ ಹಾಕಿಟ್ಟಿದ್ದೇನೆ, ಮುಂದೆ ಯಾವ ಡಾಕ್ಟರಾದರೂ ಆ ಸೀಳು ನೋಡಿ ಗಾಬರಿಯಾದರೆ ತೋರಿಸೋಕೆ.