ರ ಗ ಸ ದ ಅ, ಮತ್ತು ನಮ್ಮ ಮೂಲಮನೆ ಗ್ರೂಪು

ಭಾನುವಾರ ಬೆಳಿಗ್ಗೆ ಕುಮಟೆಯ ದೊಡ್ಡಪ್ಪ ನಮ್ಮ ‘ಮೂಲಮನೆ’ ಗ್ರೂಪಿಗೆ ಒಂದು ಫಾರ್ವರ್ಡ್ ಹಾಕಿದರು. ಒಂದನೇ ತರಗತಿಯ ಒಂದು ವಾರದ ವೇಳಾಪಟ್ಟಿ. ಹಾಡು, ಕಥೆ, ಆಟ, ಚಿತ್ರ. ಕೆಳಗೆ ಕೆಂಪಕ್ಷರದಲ್ಲಿ: ‘ಅ ಆ ಇ ಈ ಬಿಟ್ಟು ರ ಗ ಸ ಕಲಿಸುವ ಶಾಲೆ. ಓದು ಎಲ್ಲಿದೆ? ಎಲ್ಲ ಪಾಲಕರಿಗೂ ಕಳಿಸಿ.’ ಜೊತೆಗೆ ದೊಡ್ಡಪ್ಪನದೇ ಒಂದು ಸಾಲು: ‘ನಾನು ಮೊದಲೇ ಹೇಳಿದ್ದೆ.’

ಶಿರಸಿ ಕಡೆಯ ಹಳ್ಳಿಯೊಂದರಲ್ಲಿ ನಾನು ನಲಿ-ಕಲಿ ತರಗತಿ ನಡೆಸುತ್ತೇನೆ. ಅಂದರೆ ಸರ್ಕಾರಿ ಶಾಲೆಯ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಗ್ರೂಪಿನಲ್ಲಿ ಎಲ್ಲರಿಗೂ ಗೊತ್ತು. ಆದರೂ ಯಾರೂ ನನ್ನನ್ನು ಕೇಳಲಿಲ್ಲ.

ಮೊದಲು ಬಂದವರು ಬೆಂಗಳೂರಿನ ಭಾವ. ‘ಮಾವ, ಇದರ ಮೂಲ ಯಾವುದು? ಯಾವ ಶಾಲೆ? ನಮ್ಮ ಜಿಲ್ಲೆಯಲ್ಲೇ ಕಾರವಾರ, ಶಿರಸಿ ಅಂತ ಎರಡು ಶೈಕ್ಷಣಿಕ ಜಿಲ್ಲೆ ಇದೆ. ಯಾವ ಡಿಡಿಪಿಐ (ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ಆದೇಶ ಇದು?’

ದೊಡ್ಡಪ್ಪ ಬಿಡಲಿಲ್ಲ: ‘ಎಲ್ಲದಕ್ಕೂ ಆಧಾರ ಬೇಕಾ ನಿನಗೆ? ನಮ್ಮ ಕಾಲದಲ್ಲಿ ಮಾಸ್ತರು ಬೆರಳು ಹಿಡಿದು ತಿದ್ದಿಸುತ್ತಿದ್ದರು. ಭಯ ಇತ್ತು, ಭಕ್ತಿ ಇತ್ತು.’

ಹೊನ್ನಾವರದ ಅತ್ತೆ ಎರಡು ಕೈಮುಗಿದ ಚಿತ್ರ ಹಾಕಿದರು. ಮುಂಬೈಯ ಅಣ್ಣನಿಗೆ ಅಷ್ಟೇ ಸಾಕಾಯಿತು. ‘ಕಂಬಳಿ ಕೊಪ್ಪೆ ಹಾಕಿಕೊಂಡು ಸಂಕ ದಾಟಿ ಶಾಲೆಗೆ ಹೋಗಿದ್ದು ನೆನಪಿದೆಯಾ? ಪಾಟಿ ಹಳ್ಳಕ್ಕೆ ಬಿದ್ದಿದ್ದು ಯಾರದ್ದು?’ ಆಮೇಲೆ ಅರ್ಧ ಗಂಟೆ ಹಳ್ಳಕ್ಕೆ ಬಿದ್ದ ಪಾಟಿಯದೇ ಮಾತು.

ನಾನು ಉದ್ದಕ್ಕೆ ಬರೆದೆ. ಇಲ್ಲೂ ಅದನ್ನೇ ಹಾಕುತ್ತಿದ್ದೇನೆ. ಯಾಕಂದರೆ ಆ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿರಬಹುದು.

‘ದೊಡ್ಡಪ್ಪ, ರ ಗ ಸ ಮೊದಲು ಬರುವುದು ನಿಜ. ನಲಿ-ಕಲಿಯಲ್ಲಿ ಕಲಿಸುವ ಮೊದಲ ಅಕ್ಷರಗಳೇ ರ, ಗ, ಸ, ದ, ಅ. ಈ ಐದೇ ಅಕ್ಷರದಲ್ಲಿ ಸರ, ರಸ, ಅರಸ, ಗರಗಸ ಎಲ್ಲ ಆಗುತ್ತದೆ. ಅ ಆ ಇ ಈ ಎಂದು ಹದಿನೈದು ದಿನ ತಿದ್ದಿದರೂ ಮಗುವಿಗೆ ಕೂಡಿಸಿ ಓದಲು ಒಂದು ಪದ ಸಿಗುವುದಿಲ್ಲ. ಇಲ್ಲಿ ಐದು ಅಕ್ಷರಕ್ಕೇ ಓದು ಶುರು.

ವೇಳಾಪಟ್ಟಿಯಲ್ಲಿ ಸೋಮವಾರ ಹಾಡು ಅಂತಿದೆ, ಅಲ್ವಾ? ನನ್ನ ತರಗತಿಯಲ್ಲಿ ಮನೆಯಲ್ಲಿ ಕೊಂಕಣಿ ಮಾತಾಡುವ ಹುಡುಗನೊಬ್ಬ ಇದ್ದಾನೆ. ಕನ್ನಡದಲ್ಲಿ ಅವನ ಬಾಯಿ ಬಿಡಿಸಿದ್ದೇ ಹಾಡು. ಮಂಗಳವಾರ ಅವನು ಕಲಿಕೆಯ ಏಣಿಯಲ್ಲಿ (ಕಲಿಯಬೇಕಾದ್ದನ್ನೆಲ್ಲ ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟದಲ್ಲಿ) ತನ್ನ ಮೆಟ್ಟಿಲು ನೋಡಿ, ಅದರ ಚಿತ್ರವಿದ್ದ ಕಾರ್ಡು ತಾನೇ ಹುಡುಕಿ ತಂದ. ಗೋಡೆಯ ಕೆಳಗಿನ ಕಪ್ಪುಹಲಗೆಯಲ್ಲಿ ಬರೆದು ಅಳಿಸಿದ. ಬುಧವಾರ ನನ್ನ ಪಕ್ಕದಿಂದ ಎದ್ದು ಎರಡನೇ ತರಗತಿಯ ಹುಡುಗಿಯ ಪಕ್ಕ ಕೂತ. ಇಲ್ಲಿ ಮಕ್ಕಳು ಕೂರುವುದು ಐದು ಗುಂಪಿನಲ್ಲಿ: ಒಂದಕ್ಕೆ ಟೀಚರ್ ಪೂರ್ತಿ ಬೇಕು, ಕೊನೆಯದು ತಾನೇ ಕಲಿಯುವುದು. ಶುಕ್ರವಾರ ಅವನು ಆ ಕೊನೆಯ ಗುಂಪಿನಲ್ಲಿದ್ದ. ಗ, ರ, ಗ, ಸ ಕಾರ್ಡು ಜೋಡಿಸಿದ. ಒಂದೊಂದೇ ಅಕ್ಷರ ಹೇಳಿದ. ಆಮೇಲೆ ಕೂಡಿಸಿ ಓದಿದ. ಓದಿದ್ದೇ ತಡ, ಅವನ ಕೈ ಮರ ಕೊಯ್ಯುವ ಹಾಗೆ ಹಿಂದೆ ಮುಂದೆ ಹೋಯಿತು. ಅರ್ಥ ಆಗಿತ್ತು! ವೇಳಾಪಟ್ಟಿಯಲ್ಲಿ ಇದಕ್ಕೆ ಆಟ ಅಂತ ಬರೆದಿರುತ್ತಾರೆ.

ಭಾವ, ಮೂಲ ಕೇಳಿದಿರಿ. ಇದು ನಿನ್ನೆ ಮೊನ್ನೆಯದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಶುರುವಾಯಿತು. ಆಂಧ್ರದ ರಿಷಿ ವ್ಯಾಲಿ ಶಾಲೆ ನೋಡಿ ಬಂದ ಶಿಕ್ಷಕರೇ ಕಾರ್ಡು, ಏಣಿ ರೂಪಿಸಿದರು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಿಗೆಲ್ಲ ಬಂತು. ಒಬ್ಬಳೇ ಟೀಚರ್, ಎದುರಿಗೆ ಮೂರು ತರಗತಿಯ ಮಕ್ಕಳು. ನಮ್ಮ ಘಟ್ಟದ ಶಾಲೆಗಳಲ್ಲಿ ಇನ್ನು ಹೇಗೆ ಕಲಿಸುವುದು?

ತೊಂದರೆ ಇಲ್ಲ ಅನ್ನುವುದಿಲ್ಲ. ಕಾರ್ಡು ಹರಿದಿರುತ್ತವೆ. ದಾಖಲೆ ಬರೆಯುವುದು ಜಾಸ್ತಿ. ಮಗು ವಾರಗಟ್ಟಲೆ ಶಾಲೆ ತಪ್ಪಿಸಿದರೆ ಏಣಿಯಲ್ಲಿ ಅಲ್ಲೇ ನಿಲ್ಲುತ್ತದೆ. ಅದನ್ನು ಕೇಳಿ, ಉತ್ತರ ಕೊಡುತ್ತೇನೆ.’

ದೊಡ್ಡಪ್ಪ ಬರೆದರು: ‘ಮನೆ ಆಸ್ತಿ ಹಿಸ್ಸೆ ಆಗುವಾಗ ನಿನ್ನ ಆಯಿಯೂ ಹೀಗೇ ಹಿರಿಯರಿಗೆ ಎದುರು ಮಾತಾಡಿದ್ದಳು.’

ಅಲ್ಲಿಗೆ ಒಂದನೇ ತರಗತಿ ಮುಗಿಯಿತು. ಹಿಸ್ಸೆಯಲ್ಲಿ ಬಚ್ಚಲಿನ ತಾಮ್ರದ ಹಂಡೆ ಯಾರ ಪಾಲಿಗೆ ಹೋಯಿತು ಎಂದು ಶುರುವಾಯಿತು. ಮಾರಿಕಾಂಬೆ ಜಾತ್ರೆಗೆ ತನ್ನನ್ನು ಯಾರೂ ಬಾಯಿಮಾತಿಗೂ ಕರೆಯಲಿಲ್ಲ ಎಂದು ಅತ್ತೆ ದೊಡ್ಡ ವಾಯ್ಸ್ ಮೆಸೇಜ್ ಹಾಕಿದರು. ನನಗೆ ಬೇಜಾರಾಗಿದ್ದು ಆಯಿಯ ಹೆಸರು ಎತ್ತಿದ್ದಕ್ಕೆ. ಅದಕ್ಕಿಂತ ಜಾಸ್ತಿ, ಆ ಹುಡುಗನ ಬಗ್ಗೆ ಒಬ್ಬರೂ ಒಂದು ಮಾತು ಕೇಳದಿದ್ದಕ್ಕೆ.

ರಾತ್ರಿ ಅಂಕೋಲೆಯ ಅತ್ತಿಗೆ ಬೇರೆಯಾಗಿ ಮೆಸೇಜ್ ಮಾಡಿದರು. ಅವರ ಮಗಳು ಈ ವರ್ಷ ಒಂದನೇ ತರಗತಿ. ‘ಮನೆಯಲ್ಲಿ ಅ ಆ ಇ ಈ ಹೇಳಿಕೊಟ್ಟರೆ ತಪ್ಪಾ?’

ತಪ್ಪಿಲ್ಲ ಅತ್ತಿಗೆ ಎಂದು ಬರೆದೆ. ಬಾಯಿಪಾಠ ಮಾಡಿಸಿ, ಹಾಡಿನ ಹಾಗೆ. ಬರೆಸಲು ಅವಸರ ಬೇಡ. ಸಂಜೆ ಅವಳು ಬಂದಾಗ ಇವತ್ತು ಯಾವ ಚಿತ್ರದ ಕಾರ್ಡು ಸಿಕ್ಕಿತು ಅಂತ ಕೇಳಿ. ಕಲಿತ ಅಕ್ಷರವನ್ನು ಬಸ್ಸಿನ ಬೋರ್ಡಿನಲ್ಲಿ, ಅಂಗಡಿಯ ಹಲಗೆಯಲ್ಲಿ ಹುಡುಕಿಸಿ. ರ, ಗ ಇರುವ ಬೋರ್ಡು ಅಂಕೋಲೆ ಪೇಟೆಯಲ್ಲಿ ಬೇಕಾದಷ್ಟಿದೆ.